ಹುಲಿ ಏಕೆ ಸಾಯಬೇಕಾಯಿತು?

ಕನ್ನಡದ ಮಕ್ಕಳು ತಲೆಮಾರುಗಳಿಂದ ಪಾಠವಾಗಿ ಕಲಿತ ಪದ್ಯಗಳಲ್ಲಿ ‘ಗೋವಿನ ಹಾಡಿ’ನಷ್ಟು ಜನರ ನಾಲಗೆಯ ಮೇಲೆ ನಿಂತದ್ದು ಇನ್ನೊಂದು ಇರಲಾರದು. ಕರ್ತೃವಿನ ಹೆಸರಿಲ್ಲದ ಈ ಜನಪದ ಕಥನಗೀತೆಯನ್ನು ಹಾಡಿದವರೆಲ್ಲರೂ ತಮ್ಮದಾಗಿಸಿಕೊಂಡರು. ಪುಣ್ಯಕೋಟಿಯ ಕಥೆ ತಿಳಿಯದ ಮನೆ ನಮ್ಮ ಹುಬ್ಬಳ್ಳಿ-ಧಾರವಾಡದ ಸಭೆಗಳಲ್ಲಿಯೂ ಇಲ್ಲ. ಸಂಡೇ ಸ್ಕೂಲಿನ ವಾರ್ಷಿಕೋತ್ಸವಗಳಲ್ಲಿ ಇದನ್ನು ರೂಪಕವಾಗಿ ಆಡಿಸಿದ ಶಿಕ್ಷಕಿಯರೂ ಇದ್ದಾರೆ. ಹಸುವಿನ ಪಾತ್ರಕ್ಕೆ ಮಕ್ಕಳು ಜಗಳವಾಡುತ್ತಾರೆ. ಹುಲಿಯ ಪಾತ್ರಕ್ಕೆ ಇನ್ನೂ ಹೆಚ್ಚು. ಆದರೆ ಆಟ ಮುಗಿದ ಮೇಲೆ ಹುಲಿಯಾದ ಹುಡುಗ ನೆಲದ ಮೇಲೆ ಬಿದ್ದೇ ಇರಬೇಕಾಗುತ್ತದೆ. ಹಾಡು ಹೇಳಿದಂತೆ ಹುಲಿ ಸತ್ತಿದೆ.

ಈ ಸಾವನ್ನು ನಾವು ಸಾಕಷ್ಟು ಯೋಚಿಸಿ ಓದಿಲ್ಲ ಎಂಬುದು ನನ್ನ ಅಭಿಪ್ರಾಯ. ಸತ್ಯವಂತಳಾದ ಹಸುವಿಗೆ ಜಯವಾಯಿತು, ಹುಲಿಗೆ ಪಶ್ಚಾತ್ತಾಪವಾಯಿತು ಎಂದು ಹೇಳಿ ಪುಟ ಮಗುಚುತ್ತೇವೆ. ಕೆಡುಕಿಗೆ ಪ್ರತಿಯಾಗಿ ಒಳಿತನ್ನು ಮಾಡಬೇಕೆಂಬ ಸುವಾರ್ತೆಯ ಬೋಧನೆಯನ್ನು ವಿವರಿಸುವಾಗಲೂ ಪ್ರಸಂಗಪೀಠದಿಂದ ಈ ಹಾಡನ್ನು ಉದಾಹರಿಸುವುದುಂಟು. ಉದಾಹರಣೆ ಸರಿಯಾದುದೇ. ಎಲ್ಲಿಯವರೆಗೆ ಸರಿ, ಎಲ್ಲಿಂದ ಮುಂದೆ ದಾರಿಗಳು ಬೇರೆಯಾಗುತ್ತವೆ ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಕನ್ನಡದ ಪದ್ಯವೊಂದನ್ನು ಸತ್ಯವೇದದ ಪಕ್ಕದಲ್ಲಿಟ್ಟು ಓದುವುದು ನಮ್ಮ ಊರಿಗೆ ಹೊಸದಲ್ಲ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನ ಸಭೆಯಲ್ಲಿ ಬೆಳೆದು ಪಾಲಕರಾದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಹಳ್ಳಿಹಳ್ಳಿ ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದದ್ದು ನಮ್ಮವರಿಗೆಲ್ಲ ತಿಳಿದ ಸಂಗತಿ. ಬೇರೊಬ್ಬರ ಮಾತನ್ನು ಅವರ ಮಾತಾಗಿಯೇ ಮೊದಲು ಕೇಳಬೇಕು, ಆಮೇಲೆ ನಮ್ಮದನ್ನು ಅದರ ಪಕ್ಕದಲ್ಲಿಡಬೇಕು ಎಂಬ ಕ್ರಮವನ್ನು ಅವರ ಕೆಲಸದಿಂದ ಕಲಿಯಬಹುದು. ಆದ್ದರಿಂದ ಮೊದಲು ಹಾಡು.

ಪುಣ್ಯಕೋಟಿ ಹಿಂಡಿನಿಂದ ಹಿಂದೆ ಬಿದ್ದು, ಕರುವನ್ನು ನೆನೆಯುತ್ತ ಕೊಟ್ಟಿಗೆಯ ಕಡೆಗೆ ಬರುವಾಗ ಹಸಿದ ಹುಲಿ ಅಡ್ಡಗಟ್ಟುತ್ತದೆ. ಒಮ್ಮೆ ಹೋಗಿ ಕರುವಿಗೆ ಹಾಲೂಡಿಸಿ ಹಿಂದಿರುಗುವೆನೆಂದು ಆಕೆ ಬೇಡುತ್ತಾಳೆ. ಹುಲಿ ಮೊದಲು ನಂಬುವುದಿಲ್ಲ. ಆಣೆ ಮಾಡಿದ ಮೇಲೆ ಬಿಡುತ್ತದೆ. ಈ ಕ್ಷಣವನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಹಾಡಿನಲ್ಲಿ ನಡೆಯುವ ಮೊದಲನೆಯ ದಯೆ ಹಸುವಿನದಲ್ಲ, ಹುಲಿಯದು. ಹೊಟ್ಟೆ ಸುಡುತ್ತಿರುವಾಗ ಕೈಗೆ ಸಿಕ್ಕ ಆಹಾರವನ್ನು ಬರಿಯ ಮಾತಿನ ಮೇಲೆ ಬಿಟ್ಟುಕೊಟ್ಟ ಪ್ರಾಣಿ ಅದು. ಅಲ್ಲದೆ ಹಸಿದ ಹುಲಿ ಹಸುವನ್ನು ಹಿಡಿಯುವುದು ಪಾಪವೆಂದು ಹೇಳುವುದೂ ಕಷ್ಟ. ಜನಪದ ಕವಿ ತನ್ನ ಹುಲಿಯನ್ನು ರಾಕ್ಷಸನನ್ನಾಗಿ ಮಾಡಲಿಲ್ಲ. ಮುಂದೆ ಅದರ ಮನಸ್ಸು ಕರಗುವುದು ನಮಗೆ ನಂಬಿಕೆಗೆ ಅರ್ಹವಾಗಿ ತೋರುವುದಾದರೆ, ಅದಕ್ಕೆ ಬೇಕಾದ ನೆಲವನ್ನು ಕವಿ ಇಲ್ಲಿಯೇ ಹದಮಾಡಿಟ್ಟಿದ್ದಾನೆ.

ಹಿಂದಿರುಗಿ ಬಂದ ಪುಣ್ಯಕೋಟಿ ಏನು ಮಾಡುತ್ತಾಳೆ? ಬಂದಿದ್ದೇನೆ, ಮಾತು ಉಳಿಸಿಕೊಂಡಿದ್ದೇನೆ ಎಂದಷ್ಟೇ ಹೇಳಿ ನಿಲ್ಲುವುದಿಲ್ಲ. ತನ್ನ ದೇಹವನ್ನೇ ಆಹಾರವಾಗಿ ಮುಂದಿಟ್ಟು, ಉಂಡು ತೃಪ್ತನಾಗೆಂದು ಹುಲಿಯನ್ನು ಉಪಚರಿಸುತ್ತಾಳೆ. ಅದು ಮನೆಗೆ ಬಂದ ಅತಿಥಿಯನ್ನು ಊಟಕ್ಕೆ ಎಬ್ಬಿಸುವ ಧಾಟಿ. ಸತ್ಯಪಾಲನೆಯ ಹಾಡೆಂದು ಹೆಸರಾದ ಈ ಗೀತೆ ಇಲ್ಲಿ ಸತ್ಯವನ್ನೂ ದಾಟಿ ಹೋಗುತ್ತದೆ. ಕೊಟ್ಟ ಮಾತು ಆಕೆಯನ್ನು ಹುಲಿಯ ಎದುರಿಗೆ ತಂದು ನಿಲ್ಲಿಸಬಲ್ಲದೇ ಹೊರತು, ಹುಲಿಯ ಹಸಿವಿನ ಬಗ್ಗೆ ಮರುಗುವಂತೆ ಮಾಡಲಾರದು. ಆ ಮರುಕ ಆಕೆಯದೇ.

ಸತ್ಯವೇದವನ್ನು ಬಲ್ಲ ಓದುಗರಿಗೆ ಇಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯ ನೆನಪಾಗದೆ ಇರದು. ವೈರಿ ಹಸಿದಿದ್ದರೆ ಉಣ್ಣಲು ಕೊಡಬೇಕು, ಬಾಯಾರಿದ್ದರೆ ಕುಡಿಯಲು ಕೊಡಬೇಕು ಎಂದು ಅಪೊಸ್ತಲನಾದ ಪೌಲನು ಜ್ಞಾನೋಕ್ತಿಗಳ 25ನೆಯ ಅಧ್ಯಾಯದಿಂದ ಎತ್ತಿ ಹೇಳುತ್ತಾನೆ. ಹಾಗೆ ಮಾಡುವುದು ವೈರಿಯ ತಲೆಯ ಮೇಲೆ ಕೆಂಡ ಕೂಡಿಸಿಟ್ಟಂತೆ ಎಂಬ ಕಠಿಣವಾದ ಉಪಮೆ ಅದರ ಬೆನ್ನಿಗೇ ಬರುತ್ತದೆ. ಪುಣ್ಯಕೋಟಿ ವೈರಿಗೆ ಊಟ ನೀಡಿದಳು. ವೈರಿಯ ತಲೆಯ ಮೇಲೆ ಕೆಂಡ ಬಿದ್ದಿತು. ಒಡಹುಟ್ಟಿದ ಅಕ್ಕನಂತಿರುವ ನಿನ್ನನ್ನು ಕೊಂದು ದೇವರಿಗೆ ಯಾವ ಮುಖ ತೋರಿಸಲಿ ಎಂಬ ಭಾವದಲ್ಲಿ ಹುಲಿ ಮರುಗುತ್ತದೆ, ಮೇಲೆ ನೆಗೆದು ಪ್ರಾಣ ಬಿಡುತ್ತದೆ. ಪೌಲನ ಆ ವಚನವನ್ನು ಅಕ್ಷರಶಃ ನಡೆಸಿ ತೋರಿಸಿದ ಇನ್ನೊಂದು ಕಥೆ ಕನ್ನಡದಲ್ಲಿ ನನಗೆ ಕಂಡಿಲ್ಲ.

ಆದರೆ ಕೆಂಡವೆಂದರೆ ಏನು? ವೈರಿಗೆ ಬರಲಿರುವ ದೈವದಂಡನೆ ಎಂದು ಅರ್ಥಮಾಡಿದವರಿದ್ದಾರೆ. ಸಂತ ಅಗಸ್ಟಿನರು ಹಾಗೆ ಓದಲಿಲ್ಲ. ಅವರಿಗೆ ಅದು ಪಶ್ಚಾತ್ತಾಪದ ಸುಡುವ ನಿಟ್ಟುಸಿರು, ವೈರಿಯ ಅಹಂಕಾರವನ್ನು ಗುಣಪಡಿಸುವ ಬಿಸಿ. ಪ್ರಸಂಗಗಳಲ್ಲಿ ಕೇಳಿಬರುವ ಮೂರನೆಯ ವಿವರಣೆಯೊಂದಿದೆ: ಒಲೆ ಆರಿಹೋದ ಮನೆಯವರು ನೆರೆಮನೆಯಿಂದ ಕೆಂಡ ಬೇಡಿ ತರುತ್ತಿದ್ದರು, ಅದನ್ನು ತಲೆಯ ಮೇಲೆ ಹೊತ್ತು ಒಯ್ಯುತ್ತಿದ್ದರು, ಆದ್ದರಿಂದ ಕೆಂಡ ಕೊಡುವುದೇ ಉಪಕಾರ ಎಂದು. ಕುಳ್ಳಿನ ಮೇಲೆ ಕೆಂಡ ಇಟ್ಟುಕೊಂಡು ಬರುತ್ತಿದ್ದ ಅಜ್ಜಿಯರನ್ನು ಕಂಡ ನಮ್ಮ ಸೀಮೆಯವರಿಗೆ ಇದು ಬಹಳ ಹಿಡಿಸುತ್ತದೆ. ಹಿಡಿಸಿದ ಮಾತ್ರಕ್ಕೆ ಅದು ಮೂಲದ ಅರ್ಥವಾಗದು. ಜ್ಞಾನೋಕ್ತಿಯ ಕೆಂಡ ಸುಡುವ ಕೆಂಡವೇ. ಸುಟ್ಟ ಮೇಲೆ ಮನುಷ್ಯ ಬದುಕುತ್ತಾನೋ ಬೂದಿಯಾಗುತ್ತಾನೋ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ. ಕೆಡುಕನ್ನು ಒಳಿತಿನಿಂದ ಜಯಿಸಬೇಕೆಂದು ಪೌಲನು ಮುಂದಿನ ವಾಕ್ಯದಲ್ಲಿಯೇ ಹೇಳುವುದರಿಂದ, ಅವನ ಮನಸ್ಸಿನಲ್ಲಿದ್ದದ್ದು ಕೆಡುಕಿನ ಸೋಲೇ ಹೊರತು ಕೆಡುಕನ ನಾಶವಲ್ಲವೆಂದು ನಾನು ತಿಳಿಯುತ್ತೇನೆ.

ಹುಲಿ ಹಾಡಿನಲ್ಲಿ ಸಾಯಲೇಬೇಕೆಂಬ ನಿಯಮವೂ ಇರಲಿಲ್ಲ. ಪದ್ಮಪುರಾಣದಲ್ಲಿ ಇದೇ ಕಥೆ ಬೇರೆ ರೂಪದಲ್ಲಿದೆ. ಅಲ್ಲಿ ಹಸುವಿನ ಹೆಸರು ನಂದಾ. ಹುಲಿ ಮೊದಲು ಪ್ರಭಂಜನನೆಂಬ ಅರಸ. ಮರಿಗೆ ಹಾಲೂಡಿಸುತ್ತಿದ್ದ ಜಿಂಕೆಯನ್ನು ಬೇಟೆಯಾಡಿದ ಪಾಪಕ್ಕೆ ಅದರ ಶಾಪದಿಂದ ಹುಲಿಯಾದವನು. ನಂದೆಯ ಭೇಟಿಯಿಂದ ಶಾಪ ಕಳೆದು ಅವನು ಮತ್ತೆ ಮನುಷ್ಯನಾಗುತ್ತಾನೆ. ಕನ್ನಡದ ಜನಪದ ಕವಿ ಶಾಪವನ್ನೂ ವಿಮೋಚನೆಯನ್ನೂ ಬದಿಗಿಟ್ಟು ಹುಲಿಯನ್ನು ಹುಲಿಯಾಗಿಯೇ ಉಳಿಸಿಕೊಂಡ. ಕಲೆಯ ದೃಷ್ಟಿಯಿಂದ ಇದು ದೊಡ್ಡ ಗೆಲುವು. ಒಳಗೆ ಅರಸನಿದ್ದಾನೆಂದು ತಿಳಿದ ಹುಲಿಯ ಮರುಕ ನಮ್ಮನ್ನು ಅಷ್ಟಾಗಿ ತಟ್ಟದು. ಬರಿಯ ಹುಲಿಯ ಮರುಕ ತಟ್ಟುತ್ತದೆ. ಆದರೆ ಈ ಆಯ್ಕೆಗೆ ಬೆಲೆ ತೆರಬೇಕಾಯಿತು. ಹುಲಿ ಹುಲ್ಲು ತಿನ್ನಲಾರದು. ಇಂದು ಪುಣ್ಯಕೋಟಿಯನ್ನು ಬಿಟ್ಟರೂ ನಾಳೆ ಮತ್ತೊಂದು ಹಸುವನ್ನು ಹಿಡಿಯಲೇಬೇಕು. ಅಕ್ಕ ಎಂದು ಕರೆದ ಬಾಯಿಯಿಂದಲೇ ಆಕೆಯ ಕುಲವನ್ನು ತಿನ್ನಬೇಕು. ಈ ಇಕ್ಕಟ್ಟಿನಿಂದ ಹುಲಿಯನ್ನು ಪಾರುಮಾಡಲು ಕವಿಗೆ ಸಾವಿನ ಹೊರತು ಬಾಗಿಲು ಕಾಣಲಿಲ್ಲ. ಸಿಂಹವು ಎತ್ತಿನಂತೆ ಹುಲ್ಲು ತಿನ್ನುವ ದಿನವನ್ನು ಪ್ರವಾದಿಯಾದ ಯೆಶಾಯನು 11ನೆಯ ಅಧ್ಯಾಯದಲ್ಲಿ ಕಂಡ. ನಮ್ಮ ಕವಿಯ ಕಣ್ಣ ಮುಂದಿದ್ದದ್ದು ಅಡವಿಯಂಚಿನ ಕೊಟ್ಟಿಗೆ. ಅವನು ಕಂಡದ್ದನ್ನೇ ಹಾಡಿದ. ಅದನ್ನು ದೋಷವೆಂದು ನಾನು ಹೇಳಲಾರೆ.

ಸುವಾರ್ತೆಗಳಲ್ಲಿಯೂ ಪಶ್ಚಾತ್ತಾಪದಿಂದ ಸತ್ತವನೊಬ್ಬನಿದ್ದಾನೆ. ಇಸ್ಕರಿಯೋತ ಯೂದನು ನಿರಪರಾಧಿಯನ್ನು ಹಿಡಿದುಕೊಟ್ಟೆನೆಂದು ಒಪ್ಪಿಕೊಂಡು, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಲು ಮಹಾಯಾಜಕರ ಬಳಿಗೆ ಹೋದನೆಂದು ಮತ್ತಾಯನು ಬರೆಯುತ್ತಾನೆ. ಅದಕ್ಕೆ ನಾವೇನು ಮಾಡೋಣ, ನಿನ್ನದು ನೀನೇ ನೋಡಿಕೋ ಎಂಬ ಅರ್ಥದ ಉತ್ತರ ಅವನಿಗೆ ದೊರೆಯಿತು. ಅವನು ಹೊರಗೆ ಹೋಗಿ ಉರುಲು ಹಾಕಿಕೊಂಡನು. ಯೂದನ ಪಶ್ಚಾತ್ತಾಪ ಸುಳ್ಳಾಗಿತ್ತೆಂದು ಹೇಳುವ ಬೋಧಕರು ಈ ವಾಕ್ಯಗಳನ್ನು ಮತ್ತೊಮ್ಮೆ ಓದಬೇಕು. ಪಾಪವನ್ನು ಬಾಯಿಬಿಟ್ಟು ಅರಿಕೆಮಾಡಿದ, ಹಣವನ್ನು ಹಿಂದಿರುಗಿಸಿದ; ದಂಡ ತೆರಲೂ ಸಿದ್ಧನಿದ್ದ. ಅವನಿಗೆ ಸಿಗದೆ ಹೋದದ್ದು ಹಿಂದಿರುಗಿ ಹೋಗಲು ಒಂದು ಮನೆ.

ಪೇತ್ರನಿಗೆ ಅದು ಸಿಕ್ಕಿತು. ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತ ಅವನು ತನ್ನ ಗುರುವನ್ನು ಅರಿಯೆನೆಂದು ಮೂರು ಸಾರಿ ಹೇಳಿದ್ದು ಇದ್ದಲಿನ ಬೆಂಕಿಯ ಪಕ್ಕದಲ್ಲಿ. ಪುನರುತ್ಥಾನದ ಬಳಿಕ ತಿಬೇರಿಯ ಸಮುದ್ರದ ದಡದಲ್ಲಿ ಯೇಸುಸ್ವಾಮಿ ಮೀನು ಸುಟ್ಟು ಶಿಷ್ಯರನ್ನು ಬೆಳಗಿನ ಊಟಕ್ಕೆ ಕರೆದದ್ದೂ ಇದ್ದಲಿನ ಬೆಂಕಿಯ ಬಳಿಯೇ. ಯೋಹಾನನು ಈ ಎರಡು ಕಡೆಗಳಲ್ಲಿಯೂ ಒಂದೇ ಗ್ರೀಕ್ ಪದವನ್ನು ಬಳಸುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಆ ಪದ ಬೇರೆಲ್ಲಿಯೂ ಬರುವುದಿಲ್ಲ. ಪೌಲನು ಹೇಳಿದ ಕೆಂಡಕ್ಕೂ ಅದೇ ಮೂಲದ ಪದ. ದ್ರೋಹ ನಡೆದ ಬೆಂಕಿಯ ಮುಂದೆಯೇ ಪೇತ್ರನನ್ನು ಕೂರಿಸಲಾಯಿತು. ಅವನಿಗೆ ಅದು ಸುಡದೆ ಇದ್ದೀತೆ? ಪ್ರೀತಿಸುತ್ತೀಯಾ ಎಂಬ ಪ್ರಶ್ನೆ ಮೂರನೆಯ ಸಾರಿ ಬಂದಾಗ ಅವನಿಗೆ ದುಃಖವಾಯಿತೆಂದು ಸುವಾರ್ತೆಯೇ ಹೇಳುತ್ತದೆ. ಆದರೆ ಮೊದಲು ಊಟ, ಆಮೇಲೆ ಪ್ರಶ್ನೆ, ಕೊನೆಗೆ ಕೆಲಸ: ಕುರಿಗಳನ್ನು ಮೇಯಿಸಬೇಕು. ತಪ್ಪಿದವನಿಗೆ ನಾಳೆ ಬೆಳಗ್ಗೆ ಏನು ಮಾಡಬೇಕೆಂಬುದು ತಿಳಿಯಿತು. ಹುಲಿಗೆ ಇದೊಂದು ದೊರೆಯಲಿಲ್ಲ.

ಬಸವಣ್ಣನವರ ಬಗ್ಗೆ ಶರಣ ಪರಂಪರೆ ಹೇಳುತ್ತ ಬಂದಿರುವ ಕಥೆಯೊಂದನ್ನು ಇಲ್ಲಿ ನೆನೆಯಬಹುದು. ಕಳ್ಳರು ಅವರ ಮನೆಯ ಹಸುಗಳನ್ನು ಹೊಡೆದುಕೊಂಡು ಹೋದಾಗ, ಅವರು ಹುಯಿಲೆಬ್ಬಿಸುವ ಬದಲು ಉಳಿದ ಕರುಗಳನ್ನೂ ಕಳ್ಳರ ಬಳಿಗೆ ಕಳುಹಿಸಿದರಂತೆ. ತಾಯಿಯಿಲ್ಲದೆ ಕರುಗಳು ಅಳಬಾರದು, ಹಾಲು ಉಣ್ಣುವವರು ಅಲ್ಲಿದ್ದರೇನು ಇಲ್ಲಿದ್ದರೇನು ಎಂಬುದು ಅವರ ಭಾವ. ಆ ಭಾವದ ವಚನವೂ ಇದೆ. ‘ಗೋವಿನ ಹಾಡಿ’ನಂತೆ ಇಲ್ಲಿಯೂ ಹಸು, ಕರು, ಹಾಲು, ಆದರೆ ಯಾರೂ ಸಾಯುವುದಿಲ್ಲ. ಕಳ್ಳರ ಮುಂದೆ ನಿಂತು ಅವರನ್ನು ನಾಚಿಸುವ ದೃಶ್ಯವಿಲ್ಲ. ಕರು ಬಂದ ಮೇಲೆ ಆ ಮನೆಯಲ್ಲಿ ಹಾಲು ಕರೆಯಬೇಕು, ಮೇವು ಹಾಕಬೇಕು. ಕಳ್ಳ ದನಗಾಹಿಯಾಗುವ ದಾರಿ ತೆರೆದಿದೆ. ನಾಟಕೀಯತೆಯಲ್ಲಿ ಈ ಕಥೆ ಹಾಡಿಗೆ ಸರಿಸಾಟಿಯಲ್ಲ. ಸುವಾರ್ತೆಗೆ ಹತ್ತಿರವಾದದ್ದು ಮಾತ್ರ ಇದೇ. 1862ರಲ್ಲಿ ಪ್ರಕಟವಾದ ‘ಲೆ ಮಿಸರಾಬ್ಲ್’ ಕಾದಂಬರಿಯಲ್ಲಿ ವಿಕ್ಟರ್ ಹ್ಯೂಗೋ ಬಿಷಪರ ಕೈಯಿಂದ ಮಾಡಿಸುವ ಕೆಲಸವೂ ಇದೇ ಬಗೆಯದು. ಬೆಳ್ಳಿಯ ಸಾಮಾನು ಕದ್ದವನಿಗೆ ಅವನು ಬಿಟ್ಟುಹೋದ ಬೆಳ್ಳಿಯ ದೀಪಸ್ತಂಭಗಳನ್ನೂ ಅವರು ಕೊಟ್ಟು ಕಳುಹಿಸುತ್ತಾರೆ. ಅವನನ್ನು ಉಳಿಸಲು ಪೊಲೀಸರ ಮುಂದೆ ಅವರು ಸುಳ್ಳು ಹೇಳುತ್ತಾರೆಂಬುದನ್ನು ನೆನೆದರೆ, ಪುಣ್ಯಕೋಟಿ ಅವರನ್ನು ಒಪ್ಪುತ್ತಿದ್ದಳೋ ಇಲ್ಲವೋ ಎಂಬ ತಮಾಷೆಯ ಸಂಶಯ ಬರುತ್ತದೆ.

ಹಾಡನ್ನು ಬಿಟ್ಟು ಅದನ್ನು ನಾವು ಬಳಸುವ ರೀತಿಯ ಬಗ್ಗೆಯೂ ಒಂದು ಮಾತು ಹೇಳಬೇಕಾಗಿದೆ. ಪುಣ್ಯಕೋಟಿಯಾಗು ಎಂಬ ಬುದ್ಧಿಮಾತು ಸಾಮಾನ್ಯವಾಗಿ ಯಾರ ಕಿವಿಗೆ ಬೀಳುತ್ತದೆ? ಗಂಡನಿಂದ ಹೊಡೆತ ತಿಂದು ತವರಿಗೆ ಬಂದ ಮಗಳಿಗೆ, ಹಿರಿಯಣ್ಣನು ಹೊಲದ ಪಾಲನ್ನು ನುಂಗಿದಾಗ ಕೈಕಟ್ಟಿ ನಿಂತ ತಮ್ಮನಿಗೆ. ಹಿಂದಿರುಗಿ ಹೋಗು, ನಿನ್ನ ಒಳ್ಳೆಯತನದಿಂದ ಹುಲಿ ಕರಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹುಲಿಗೆ ಯಾರೂ ಹೋಗಿ ಮಾತಾಡುವುದಿಲ್ಲ. ಹಾಡಿನಲ್ಲಿ ಪುಣ್ಯಕೋಟಿ ಹೊರಡುವ ಮೊದಲು ಹಿಂಡಿನ ಹಸುಗಳನ್ನು ಅಕ್ಕತಂಗಿಯರೆಂದು ಕರೆದು, ತನ್ನ ಕರುವನ್ನು ಒದೆಯಬೇಡಿ, ಹಾಯಬೇಡಿ, ನಿಮ್ಮದೆಂದು ಕಾಣಿರಿ ಎಂದು ಬೇಡಿಕೊಳ್ಳುತ್ತಾಳೆ. ಎಷ್ಟು ಸಾರಿ ಕೇಳಿದರೂ ಕರುಳು ಹಿಂಡುವ ಭಾಗ ಅದು. ಆದರೆ ಆಕೆಯ ಜೊತೆಗೆ ಗವಿಯವರೆಗೆ ಹೋಗಲು ಹಿಂಡಿನಿಂದ ಒಬ್ಬಳೂ ಮುಂದೆ ಬರುವುದಿಲ್ಲ. ಸಭೆ ಎಂಬುದು ಅಂತಹ ಹಿಂಡಾದರೆ ಅದು ಬೋಧಿಸುವ ಕ್ಷಮೆಗೆ ಬೆಲೆಯೇನು? ಇನ್ನೊಬ್ಬರ ಬೆನ್ನಿನ ಮೇಲಿನ ಬಾಸುಂಡೆಗಳನ್ನು ಕ್ಷಮಿಸುವ ಅಧಿಕಾರ ಪಾಲಕರಿಗಾಗಲಿ ಹಿರಿಯರಿಗಾಗಲಿ ಇಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯ ನೆರವು ಪಡೆದ ಸಹೋದರಿಯನ್ನು ಕ್ಷಮಾಗುಣವಿಲ್ಲದವಳೆಂದು ಕರೆಯುವುದು ಸುವಾರ್ತೆಯನ್ನು ಅರ್ಧಕ್ಕೆ ಓದಿ ಮುಚ್ಚಿಟ್ಟವರ ಮಾತು.

ಏಕೆಂದರೆ ಪೂರ್ತಿ ಓದಿದರೆ ಬೇರೆ ಚಿತ್ರ ಕಾಣುತ್ತದೆ. ಇನ್ನೊಂದು ಕೆನ್ನೆಯನ್ನು ತಿರುಗಿಸಲು ಕಲಿಸಿದ ಯೇಸುಸ್ವಾಮಿ, ಮಹಾಯಾಜಕನ ಮುಂದೆ ಓಲೇಕಾರನು ಕೆನ್ನೆಗೆ ಹೊಡೆದಾಗ, ನಾನು ತಪ್ಪಾಗಿ ಮಾತಾಡಿದ್ದರೆ ತೋರಿಸು, ಇಲ್ಲವಾದರೆ ಏಕೆ ಹೊಡೆದೆ ಎಂಬ ಅರ್ಥದಲ್ಲಿ ಪ್ರಶ್ನಿಸಿದರು. ವೈರಿಗೆ ಊಟ ಕೊಡಿರೆಂದು ಬರೆದ ಪೌಲನು, ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ತಾವೇ ಬಂದು ಬಿಡುಗಡೆ ಮಾಡಬೇಕೆಂದು ಹಟಹಿಡಿದನು. ಆದರೆ ಅದೇ ರಾತ್ರಿ, ಪ್ರಾಣ ಕಳೆದುಕೊಳ್ಳಲು ಕತ್ತಿ ಹಿರಿದ ಸೆರೆಯ ಯಜಮಾನನನ್ನು ಕೂಗಿ ತಡೆದವನೂ ಅವನೇ. ಈ ಎರಡನ್ನೂ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವೇ ಹೇಳುತ್ತದೆ. ನಮ್ಮ ರಾಜ್ಯದಲ್ಲಿ 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿಯೂ ಇತರೆಡೆಗಳಲ್ಲಿಯೂ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದಾಗ, ಸೇಡು ಬೇಡ, ಶಾಂತಿಯಿಂದಿರಿ ಎಂದು ಸಭೆಯ ಹಿರಿಯರು ಕೇಳಿಕೊಂಡರು. ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗದ ಮುಂದೆ ಅನೇಕ ವಿಶ್ವಾಸಿಗಳು ಪ್ರಮಾಣಪತ್ರ ಸಲ್ಲಿಸಿ ಸಾಕ್ಷ್ಯವನ್ನೂ ನುಡಿದರು. 2011ರಲ್ಲಿ ಬಂದ ಅದರ ವರದಿ ಅವರಿಗೆ ತೃಪ್ತಿ ತರಲಿಲ್ಲವೆಂಬುದು ಬೇರೆಯ ಮಾತು. ಆದರೆ ಕೈ ಎತ್ತದೆ ಇರುವುದೂ ನಡೆದದ್ದನ್ನು ನಡೆದಂತೆ ಹೇಳುವುದೂ ಒಟ್ಟಿಗೆ ಸಾಧ್ಯವೆಂಬುದು ಅಲ್ಲಿ ಕಂಡಿತು.

ಹುಲಿ ಬದುಕಿದ ಕಥೆಯೂ ನಮ್ಮ ದೇಶದಲ್ಲಿ ನಡೆದಿದೆ. ಕೇರಳದವರಾದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಇಂದೋರ್ ಸೀಮೆಯಲ್ಲಿ ಬಡ ಕೃಷಿಕರ ನಡುವೆ ಕೆಲಸ ಮಾಡುತ್ತಿದ್ದರು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುವಾಗ ಸಮಂದರ್ ಸಿಂಗ್ ಎಂಬ ಯುವಕ ಅವರನ್ನು ಇರಿದು ಕೊಂದ. ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಶಿಕ್ಷೆಯೇ ಬೇಡವೆಂದು ಯಾರೂ ಹೇಳಲಿಲ್ಲ. 2002ರಲ್ಲಿ ರಾಣಿ ಮರಿಯಾ ಅವರ ತಂಗಿ, ತಾವೂ ಸಂನ್ಯಾಸಿನಿಯಾದ ಸಿಸ್ಟರ್ ಸೆಲ್ಮಿ ಪೌಲ್, ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಹುಲಿ ಹಸುವನ್ನು ಅಕ್ಕ ಎಂದು ಕರೆಯಿತು ಎಂಬುದು ಹಾಡು. ಇಲ್ಲಿ ತಂಗಿಯೇ ಹೋಗಿ ಕೊಲೆಗಾರನನ್ನು ಅಣ್ಣನೆಂದಳು. ಕುಟುಂಬದವರ ಬೆಂಬಲದೊಂದಿಗೆ 2006ರಲ್ಲಿ ಅವನಿಗೆ ಬಿಡುಗಡೆಯಾಯಿತು. ಬಳಿಕ ಅವನು ಕೇರಳಕ್ಕೆ ಹೋಗಿ ರಾಣಿ ಮರಿಯಾ ಅವರ ತಂದೆತಾಯಿಯನ್ನು ಕಂಡು ಬಂದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು ಸಾರಲಾಯಿತು. ಆ ಹೊತ್ತಿಗೆ ಅವನು ಸೆರೆಮನೆಯಿಂದ ಹೊರಬಂದು ಹನ್ನೊಂದು ವರ್ಷಗಳಾಗಿದ್ದವು.

ಈ ಹನ್ನೊಂದು ವರ್ಷಗಳ ಬಗ್ಗೆ ಹಾಡು ಕಟ್ಟುವುದು ಸುಲಭವಲ್ಲ. ಮೇಲೆ ನೆಗೆದು ಪ್ರಾಣ ಬಿಡುವುದಕ್ಕೆ ಒಂದು ನುಡಿ ಸಾಕು. ಕೊಲೆಗಾರನೆಂಬ ಹೆಸರು ಹೊತ್ತು ಅದೇ ಊರಿನಲ್ಲಿ ದಿನ ಕಳೆಯುವುದಕ್ಕೆ, ಅವನ ಎದುರು ಬರುವವರು ಮುಖ ತಿರುಗಿಸದೆ ನಡೆಯುವುದಕ್ಕೆ ಯಾವ ಛಂದಸ್ಸು ಹೊಂದೀತು? ಹಾಗೆಂದು ‘ಗೋವಿನ ಹಾಡಿ’ನ ಕೊನೆಯನ್ನು ತಿದ್ದಿ, ಹುಲಿ ಹುಲ್ಲು ಮೇಯುವಂತೆ ಮಾಡುವುದು ನನಗೆ ಒಪ್ಪಿಗೆಯಲ್ಲ. ಮಕ್ಕಳಿಗಾಗಿ ಹಾಗೆ ಮಾಡುವ ಆಸೆ ಕೆಲವರಿಗೆ ಬರಬಹುದು. ಜನಪದ ಕವಿ ಬಲ್ಲ ದುಃಖವನ್ನು ಮಕ್ಕಳೂ ಬಲ್ಲರು. ಸಂಡೇ ಸ್ಕೂಲಿನ ರೂಪಕದಲ್ಲಿ ಹುಲಿ ಹಾಡಿನಲ್ಲಿದ್ದಂತೆಯೇ ಸಾಯಲಿ. ಅದಾದ ಮೇಲಿನ ಭಾನುವಾರ ಅದೇ ಮಕ್ಕಳಿಗೆ ಯೋಹಾನನ 21ನೆಯ ಅಧ್ಯಾಯವನ್ನು ಓದಿ ಹೇಳಿ, ದಡದ ಮೇಲಿನ ಆ ಊಟಕ್ಕೆ ಹುಲಿಯೂ ಬಂದಿದ್ದರೆ ಏನಾಗುತ್ತಿತ್ತೆಂದು ಅವರನ್ನೇ ಕೇಳಬಹುದು.